ಸೇತುವೆಯಾದ ವರ್ಷದ ಪಂಚಮಿ

ದಾಂಡೇಲಿಯಲ್ಲಿ ಕಾಳಿ ಹೊಳೆಯ ಆಚೆ ದಡಕ್ಕೆ ನನ್ನ ತವರು, ಈಚೆ ದಡದ ಪೇಟೆಯಲ್ಲಿ ಅತ್ತೆಯ ಮನೆ. ನಮ್ಮ ಕಡೆ ನಾಗರಪಂಚಮಿಗೆ ಅಣ್ಣನಾದವನು ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಜೋಕಾಲಿ ಆಡಿಸಿ, ಉಂಡಿ ತಿನ್ನಿಸಿ, ಸೀರೆ ಉಡಿಸಿ ಕಳಿಸಬೇಕು. ಕರೆಯದೆ ಹೋದವಳನ್ನು ಊರು ಆಡಿಕೊಳ್ಳುತ್ತದೆ. ಅವ್ವ ತೀರಿದ ಮೇಲೆ ನನ್ನ ಅಣ್ಣ ಒಂದು ವರ್ಷವೂ ಬರಲಿಲ್ಲ. ಪ್ರತಿ ಶ್ರಾವಣದಲ್ಲಿ ಯಾರ ಕೈಲೋ ಹೇಳಿ ಕಳಿಸುತ್ತಿದ್ದ: "ಹೊಳಿ ತುಂಬೇತಿ, ದೋಣಿ ಬಿಡವಲ್ರು." ದೋಣಿಯೇ ಇಲ್ಲದ ದಿನ ಆ ಮಾತು ಹೇಗೆ ಹೊಳೆ ದಾಟುತ್ತಿತ್ತೋ, ನಾನು ಕೇಳಲಿಲ್ಲ. ನಂಬುವುದೇ ಹಿತವಾಗಿತ್ತು.

ಬ್ರಿಟಿಷರು ಇನ್ನೂ ಇದ್ದಾಗಲೇ ಸೇತುವೆ ಆಯಿತು. ಟೋಪಿಯ ಸಾಹೇಬನೊಬ್ಬ ರಿಬ್ಬನ್ ಕತ್ತರಿಸಿ ಉದ್ದನೆಯ ಭಾಷಣ ಬಿಗಿದ. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಆತ ನೀರು ಕುಡಿಯಲು ನಿಲ್ಲಿಸಿದಾಗೆಲ್ಲ ಚಪ್ಪಾಳೆ ತಟ್ಟಿದೆವು. ನಾನಂತೂ ಅಂಗೈ ಕೆಂಪಾಗುವಷ್ಟು ತಟ್ಟಿದೆ. ಇನ್ನು ಅಣ್ಣ ಬಂದೇ ಬರುತ್ತಾನೆ.

ಆ ಪಂಚಮಿಯ ದಿನ ಬೆಳಗ್ಗೆಯೇ ತಲೆ ಬಾಚಿ, ಬಟ್ಟೆಯ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತೆ. ಸೇತುವೆಯ ಮೇಲೆ ಕಾಡಿನ ಮರದ ನಾಟಾ ಹೇರಿದ ಗಾಡಿಗಳು ಬಂದವು, ಎಮ್ಮೆಗಳು ಬಂದವು, ಬಳೆಗಾರನೂ ಬಂದ. ಅಣ್ಣ ಬರಲಿಲ್ಲ. ಈ ಸಲ ಹೇಳಿ ಕಳಿಸಿದ ಮಾತೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ಪಿತ್ತ ನೆತ್ತಿಗೇರಿ, ಗಂಟು ಎತ್ತಿಕೊಂಡೆ.

"ಕರೀದ ಹೋದ್ರ ಮರ್ಯಾದಿ ಉಳೀತೈತೇನ?" ಎಂದರು ಅತ್ತೆ.

"ಮರ್ಯಾದಿ ಇಲ್ಲೇ ಬಿಟ್ಟು ಹೊಂಟೇನ್ರಿ ಅತ್ತಿ, ನೀವ ಕಾಯ್ರಿ."

ಸೇತುವೆ ದಾಟಲು ಬಾಯಲ್ಲಿನ ಎಲೆಯಡಿಕೆ ಮುಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ನನಗೆ ಹೆಚ್ಚು ಉರಿದದ್ದು ಅದಕ್ಕೇ.

ತವರಿನ ಅಂಗಳದಲ್ಲಿ ಅಣ್ಣ, ಇಷ್ಟು ದಪ್ಪ ಮೀಸೆಯ ಗಂಡಸು, ತಾನೇ ಜೋಕಾಲಿಯಲ್ಲಿ ಕೂತು ಉಂಡಿ ಮೆಲ್ಲುತ್ತಿದ್ದ. ನನ್ನನ್ನು ಕಂಡವನೇ ರೂಢಿಯಂತೆ, "ಹೊಳಿ ತುಂಬಿತ್ತಲ್ಲ ತಂಗಿ..." ಎಂದುಬಿಟ್ಟ.

"ಹೌದ ಅಣ್ಣಾ. ಸೇತುವಿ ನಿಮ್ಮ ಕಡೆಗಷ್ಟ ಮುರದೈತೇನ ಅಂತ ನೋಡಾಕ ಬಂದೆ."

ನೆರೆಮನೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಣ್ಣ ಉಂಡಿ ನುಂಗಲಾರದೆ ಎದ್ದು ನಿಂತ. ಅವನ ಜಾಗದಲ್ಲಿ ನಾನು ಕೂತು, "ತೂಗು" ಎಂದೆ.

ಅವನು ಹಿಂದೆ ಬಂದು ತೂಗಿದ. ನನ್ನ ಕಣ್ಣಿಂದ ನೀರು ಒಂದೇ ಸಮನೆ ಸುರಿಯುತ್ತಿತ್ತು. ಅಣ್ಣನಿಗೆ ನಾನು ಬೇಡವಾಗಿದ್ದೆ, ಹೊಳೆಯದೇನೂ ತಪ್ಪಿರಲಿಲ್ಲ. ಬೆನ್ನ ಹಿಂದೆ ನಿಂತವನಿಗೆ ನನ್ನ ಮುಖ ಕಾಣಲಿಲ್ಲ.

ಮರುವರ್ಷವೂ ಅವನು ಕರೆಯಲು ಬರಲಿಲ್ಲ. ನಾನೇ ಹೋದೆ.