ಹಬೀಬ್ ಸಾಬರ ಹಾಸಿಗೆಯ ನಾಲ್ಕನೇ ಮೂಲೆ

ಹಬೀಬ್ ಸಾಬರು ಹೊಲಿದಿಟ್ಟ ಹಾಸಿಗೆಯ ಮೂರೇ ಮೂಲೆ ಮುಚ್ಚಿರುತ್ತಿದ್ದವು. ನಾಲ್ಕನೆಯದನ್ನು ಅಂಗೈ ಹೋಗುವಷ್ಟು ಬಿಟ್ಟಿರುತ್ತಿದ್ದರು. ಗಿರಾಕಿ ಬಂದು ಒಳಗೆ ಕೈ ಹಾಕಿ, ತಾನು ಕೊಟ್ಟ ಹತ್ತಿಯೇ ಹೌದೆಂದು ಮುಟ್ಟಿ ನೋಡಿದ ಮೇಲೆ, ಅವರೆದುರಿಗೇ ದಬ್ಬಳಕ್ಕೆ ದಾರ ಪೋಣಿಸಿ ಹೊಲಿದು ಕೊಡುತ್ತಿದ್ದರು.

"ಹತ್ತಿ ನಿಮ್ದು. ನನ್ನ ಹತ್ರ ಇದ್ದಿದ್ದು ಅಮಾನತ್ತು," ಎನ್ನುವರು. ಒಬ್ಬರು ನಂಬಿ ಇಟ್ಟುಹೋದದ್ದನ್ನು ಅವರ ಕೈಗೇ ತಿರುಗಿ ಕೊಡುವ ತನಕ ಅದು ಅಮಾನತ್ತು. ಇದನ್ನು ಅವರು ನನಗೆ ಹೇಳಿದ್ದು 1990ರ ಬೇಸಿಗೆಯಲ್ಲಿ, ನಾವು ತುಮಕೂರಿನ ಬಟವಾಡಿಯಲ್ಲಿ ಅವರ ಅಂಗಡಿಯ ಹಿಂದಿನ ಎರಡು ಕೋಣೆಗೆ ಬಾಡಿಗೆಗೆ ಬಂದ ಹೊಸದರಲ್ಲಿ. ಮಗಳು ಪಲ್ಲವಿಗೆ ಆಗ ಮೂರು ತಿಂಗಳು. ತವರಿನಿಂದ ತಂದ ಹಳೇ ಹಾಸಿಗೆ ಬಿಚ್ಚಿಸಿ, ಅದೇ ಹತ್ತಿಯಲ್ಲಿ ಮಗುವಿಗೊಂದು ಪುಟ್ಟ ಹಾಸಿಗೆ ಮಾಡಿಸಿದೆ. ಕೈ ಹಾಕಿ ನೋಡಲು ನನಗೆ ನಾಚಿಕೆಯಾಯಿತು. "ನೋಡ್ಲೇಬೇಕು ಶಕುಂತಲಮ್ಮ. ನೋಡ್ದೆ ಹೋದ್ರೆ ನಾನು ಹೊಲಿಯಲ್ಲ," ಎಂದು ದಬ್ಬಳ ಹಿಡಿದು ಕೂತರು.

ಅವರ ತಂದೆ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಕುಣಿಗಲ್ಲಿನಿಂದ ತುಮಕೂರಿಗೆ ಬೀದಿ ಬೀದಿ ಸುತ್ತಿದವರಂತೆ. ಇವರ ಕಾಲಕ್ಕೆ ಮೆಷಿನ್ನು ಬಂತು. ಒಬ್ಬನೇ ಮಗ ಮುಜೀಬ್ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿ, ಹೊಲಿಗೆ ಕಲಿತು, ಕುವೈತಿನ ಸೋಫಾ ಅಂಗಡಿಯೊಂದಕ್ಕೆ ಸೇರಿ ಮೂರು ವರ್ಷವಾಗಿತ್ತು.

ಆಗಸ್ಟ್ ಎರಡನೇ ತಾರೀಖು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಂದಿನಿಂದ ಸಾಬರ ರೇಡಿಯೋ ಆರಲಿಲ್ಲ. ಟಪಾಲು ನಿಂತಿತು. ಪ್ರಪಂಚದ ದೊಡ್ಡ ದೊಡ್ಡ ದೇಶಗಳೆಲ್ಲ ಇರಾಕನ್ನು ಬೈಯುತ್ತಿದ್ದವು. ನಮ್ಮ ದೇಶ ಮಾತ್ರ ಜೋರಾಗಿ ಬೈಯಲೂ ಇಲ್ಲ, ಸರಿ ಎನ್ನಲೂ ಇಲ್ಲ. ನಮ್ಮ ಮಂತ್ರಿಗಳು ಬಾಗ್ದಾದಿಗೆ ಹೋಗಿ ಕೈಕುಲುಕಿ ಬಂದರು. ಎದುರು ಬೂಸಾ ಅಂಗಡಿಯ ಕರಿಬಸವಯ್ಯನವರು ಪೇಪರ್ ಮಡಚುತ್ತಾ ಹೇಳಿದರು: "ನಮ್ಮ ಸರ್ಕಾರ ಹೊಸ ಸೊಸೆ ಇದ್ದಂಗೆ ಕಣ್ರೀ ಸಾಬ್ರೇ. ಅತ್ತೆಗೂ ಹೂಂ ಅಂತದೆ, ನಾದಿನಿಗೂ ಹೂಂ ಅಂತದೆ."

"ಹೂಂ ಅಂದಿದ್ದಕ್ಕೇ ನಮ್ಮೋರ್ನ ಬಿಡ್ತಾ ಅವ್ರೆ ಅಯ್ನೋರೇ. ಬೈದಿದ್ರೆ ಬಿಡ್ತಿದ್ರಾ?"

"ಬುಡ್ತಾರೆ, ಸರಿ. ಆಮೇಲೆ ಅತ್ತೆ-ನಾದಿನಿ ಜಗಳದಲ್ಲಿ ಮೊದ್ಲು ಏಟು ತಿನ್ನೋಳು ಯಾರು?"

ಸಾಬರು ನಕ್ಕರು. ಅಂಗಡಿ ಬಾಗಿಲ ಪರದೆಯ ಹಿಂದೆ ನಿಂತಿದ್ದ ಅವರ ಹೆಂಡತಿ ಖಮರುನ್ನೀಸಾ ನಗಲಿಲ್ಲ.

ಸೆಪ್ಟೆಂಬರ್ ಒಂಬತ್ತು, ಭಾನುವಾರ. ನನ್ನ ಡೈರಿಯಲ್ಲಿ ಆ ದಿನಕ್ಕೆ ಮೂರು ಪುಟ ತುಂಬಿದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಕುಣಿಗಲ್ಲಿನ ತಾರಿಖ್ ಬಂದ. ಮುಜೀಬನ ಜೊತೆ ಒಂದೇ ರೂಮಿನಲ್ಲಿದ್ದವನು. ಬಸ್ಸಿನಲ್ಲಿ ಮರಳುಗಾಡು ದಾಟಿ, ಜೋರ್ಡಾನಿನಿಂದ ನಮ್ಮ ಸರ್ಕಾರದ ವಿಮಾನ ಹತ್ತಿ ಬಂದವನು. ತುಟಿ ಒಡೆದು ಸಿಪ್ಪೆ ಎದ್ದಿತ್ತು. ಸಾಕ್ಸಿನ ಒಳಗಿನಿಂದ ಒಂದು ಚೀಟಿ ತೆಗೆದ. ಕನ್ನಡದಲ್ಲಿತ್ತು. ಸಾಬರಿಗೆ ಓದಲು ಉರ್ದು ಮಾತ್ರ ಬರುತ್ತಿತ್ತು.

"ಉರ್ದುನಲ್ಲಿ ಬರೆದ್ರೆ ಚೆಕ್‌ಪೋಸ್ಟ್‌ನೋರು ಅಕ್ಷರ ಕೂಡಿಸ್ಕೊಂಡು ಓದ್ಬಿಡ್ತಾರೆ ಚಾಚಾ. ಕನ್ನಡ ಆದ್ರೆ ಅವ್ರಿಗೆ ಜಿಲೇಬಿ ಚಿತ್ರ," ಎಂದ ತಾರಿಖ್.

ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಾನೇ ಓದಿದೆ. ಅಂಗಡಿಯ ಮಾಲೀಕ ಸಂಸಾರ ಸಮೇತ ಸೌದಿಗೆ ಓಡಿಹೋಗಿದ್ದಾನೆ. ಹೋಗುವಾಗ ಬೀಗದ ಕೈ ಮುಜೀಬನ ಕೈಗಿಟ್ಟು, ಬರುವ ತನಕ ನಿನ್ನದೇ ಜವಾಬ್ದಾರಿ ಎಂದಿದ್ದಾನೆ. ಬೀದಿಯ ಅಂಗಡಿಗಳೆಲ್ಲ ಲೂಟಿಯಾಗುತ್ತಿವೆ. ಊರಿಗೆ ಹೋಗುವವರ ಪಟ್ಟಿಯಲ್ಲಿ ಮುಜೀಬ್ ಹೆಸರು ಬರೆಸಿದ್ದಾನೆ. 'ಅಬ್ಬಾ, ಬರಲೋ, ಇರಲೋ? ನೀವು ಹೇಳಿದಂತೆ.'

ನಮ್ಮ ಸರ್ಕಾರ ಕುವೈತಿಗೆ ಅಕ್ಕಿ ಬೇಳೆ ತುಂಬಿದ ಹಡಗೊಂದನ್ನು ಕಳಿಸುವುದರಲ್ಲಿತ್ತು. ಅದರ ಅಡುಗೆಯವನು ತಾರಿಖ್‌ಗೆ ಪರಿಚಯ, ಉತ್ತರ ಒಯ್ಯುತ್ತಾನೆ. ಬರುವಾಗ ಹಡಗು ನಮ್ಮವರನ್ನು ತುಂಬಿಕೊಂಡು ಬರುತ್ತದೆ. "ಅದ್ರಲ್ಲೇ ಹತ್ಕೊಂಡು ಬರ್ಬೋದು ಚಾಚಾ," ಎಂದ ತಾರಿಖ್.

ಸಾಬರು ಗೋಡೆಗೆ ಒರಗಿ ಕೂತರು. ಮೊಣಕಾಲಿನ ಮೇಲೆ ಅಂಟಿದ್ದ ಹತ್ತಿಯನ್ನು ಬಿಡಿಸಿ ಬಿಡಿಸಿ ಉಂಡೆ ಮಾಡಿದರು. ಆಮೇಲೆ, "ಬರೀರಿ ಶಕುಂತಲಮ್ಮ," ಎಂದರು. "ಬೀಗದ ಕೈ ನಿನ್ನ ಹತ್ರ ಇರೋ ಗಂಟ ಆ ಅಂಗಡಿ ಅಮಾನತ್ತು. ಯಜಮಾನ್ರ ಕೈಗೆ ಕೊಟ್ಟು ಬಾ. ನಮ್ಮ ಸರ್ಕಾರ ಎಲ್ಲಾರ ಜೊತೆನೂ ಚೆನ್ನಾಗೈತೆ. ನಿನ್ನ ಯಾರೂ ಮುಟ್ಟಲ್ಲ. ಹೊಟ್ಟೆ ತುಂಬ ತಿನ್ನು."

ಹಾಳೆ ತರಲು ನಮ್ಮ ಕೋಣೆಗೆ ಹೋದೆ. ಖಮರಮ್ಮ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದರು. ಪಲ್ಲವಿಯನ್ನು ನನ್ನ ಸೊಂಟದಿಂದ ತಮ್ಮ ಸೊಂಟಕ್ಕೆ ತೆಗೆದುಕೊಂಡು ಪಿಸುಗುಟ್ಟಿದರು: "ಬಾ ಅಂತ ಬರೆದ್ಬಿಡಮ್ಮ. ಅವ್ರಿಗೆ ಕನ್ನಡ ಓದಕ್ಕೆ ಬರಲ್ಲ. ನನ್ಗೂ ನಿನ್ಗೂ ಬಿಟ್ರೆ ಯಾರಿಗೂ ಗೊತ್ತಾಗಲ್ಲ. ನೀನೂ ಹೆತ್ತೋಳು."

ನಾನು ಹಾಳೆ, ಪೆನ್ನು ತೆಗೆದುಕೊಂಡೆ. ಮಗು ಅವರ ಮೂಗುತಿ ಹಿಡಿದು ಎಳೆಯುತ್ತಿತ್ತು.

ಅಂಗಡಿಗೆ ಹೋಗಿ, ಸಾಬರು ಹೇಳಿದ್ದನ್ನೇ ಬರೆದೆ. ಒಬ್ಬರು ನಂಬಿ ಒಪ್ಪಿಸಿದ ಮಾತನ್ನು ಬದಲಿಸುವುದು ಹೇಗೆ ಎಂದು ನನಗೆ ಆಗ ತಿಳಿಯಲಿಲ್ಲ. ಕೊನೆಯಲ್ಲಿ ನನ್ನದಾಗಿ ಸೇರಿಸಿದ್ದು ಒಂದೇ ಮಾತು: 'ಹುಷಾರಾಗಿರಿ.' ಮುಗಿಸಿ ಓದಿ ಹೇಳಿದೆ. ಖಮರಮ್ಮ ಪರದೆಯ ಹಿಂದೆ ನಿಂತು ಪೂರ್ತಿ ಕೇಳಿಸಿಕೊಂಡರು. ಅಂದು ಸಂಜೆ ಪಲ್ಲವಿಯನ್ನು ಎತ್ತಿಕೊಳ್ಳಲು ಅವರು ಬರಲಿಲ್ಲ.

ಅಕ್ಟೋಬರಿನಲ್ಲಿ ಹಡಗು ಹಿಂದಿರುಗಿತು. ಅಡುಗೆಯವನು ಹೇಳಿಕಳಿಸಿದ್ದನ್ನು ತಾರಿಖ್ ಬಂದು ಹೇಳಿದ. ಮುಜೀಬ್ ಬಂದರಿನಲ್ಲಿ ಪೆಟ್ಟಿಗೆ ಸಮೇತ ಸಾಲಿನಲ್ಲಿ ನಿಂತಿದ್ದನಂತೆ. ಕಾಗದ ಕೈಗೆ ಬಂತು. ಎರಡು ಸಲ ಓದಿದ. ಪೆಟ್ಟಿಗೆ ಎತ್ತಿಕೊಂಡು ಸಾಲಿನಿಂದ ಆಚೆ ಹೋದ.

"ನನ್ನ ಮಗ," ಎಂದರು ಸಾಬರು. ಎದೆಯುಬ್ಬಿಸಿ ಹೇಳಲು ಹೊರಟ ಮಾತು ಅರ್ಧಕ್ಕೇ ಸಣ್ಣಗಾಯಿತು.

ಜನವರಿಯಲ್ಲಿ ಇರಾಕಿನವರ ಮೇಲೆ ಅಮೆರಿಕದ ಬಾಂಬು ಬೀಳತೊಡಗಿದವು. ತಿಂಗಳ ಕೊನೆಗೆ ಪೇಪರಿನಲ್ಲಿ ಇನ್ನೊಂದು ಸುದ್ದಿ: ಅಮೆರಿಕದ ಸೈನ್ಯಕ್ಕೆ ಸಾಮಾನು ಒಯ್ಯುವ ವಿಮಾನಗಳು ಬೊಂಬಾಯಿಯಲ್ಲಿ ಇಳಿದು ನಮ್ಮ ಎಣ್ಣೆ ತುಂಬಿಸಿಕೊಂಡು ಹೋಗುತ್ತಿವೆ. ನಮ್ಮ ಮನೆಯವರು ಗುಬ್ಬಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ದಿನವೂ ಬಸ್ಸಿನಲ್ಲಿ ಇದೇ ಮಾತಂತೆ. "ಅಲ್ಲಿ ಕೈಕುಲುಕಿದ್ದು, ಇಲ್ಲಿ ಎಣ್ಣೆ ಹಾಕಿದ್ದು. ಅಲ್ಲಿರೋ ಇರಾಕಿನೋರಿಗೆ ಗೊತ್ತಾದ್ರೆ ನಮ್ಮೋರ ಗತಿ?" ಎಂದರು ಶೂ ಬಿಚ್ಚುತ್ತಾ. ಮೆಲ್ಲಗೆ ಮಾತಾಡಿ ಎಂದೆ. ಗೋಡೆ ಒಂದೇ ಇಟ್ಟಿಗೆಯದು.

ಅದೇ ವಾರ ನಾಲ್ಕು ಹುಡುಗರು ಇರಾಕಿನ ಅಧ್ಯಕ್ಷನ ಬಣ್ಣದ ಫೋಟೋ ತಂದು ಅಂಗಡಿಗೆ ಹಾಕಿ ಎಂದರು. ಸಾಬರು ಬೇಡ ಎಂದರು. "ಹೆದರ್ಕೊಂಡ್ರಾ ಚಾಚಾ?" ಎಂದು ಒಬ್ಬ ಕೆಣಕಿದ.

"ಹೂಂ ಕಣಪ್ಪ. ಮಗ ಅಲ್ಲಿ ಅವ್ನೆ," ಎಂದರು.

ಮರುದಿನ ಹಾಸಿಗೆ ಒಯ್ಯಲು ಬಂದ ಗಿರಾಕಿಯೊಬ್ಬರು, "ಏನ್ ಸಾಬ್ರೇ, ನಿಮ್ಮೋನ ಫೋಟೋ ಎಲ್ಲಿ? ಒಳಗಿಟ್ಟಿದೀರಾ?" ಎಂದು ನಕ್ಕರು. ಸಾಬರು ನಾಲ್ಕನೇ ಮೂಲೆ ಅಗಲಿಸಿ ಹಿಡಿದರು. ಆತ ಕೈ ಹಾಕಿದ್ದು ಹತ್ತಿ ನೋಡಲಿಕ್ಕಲ್ಲ, ಫೋಟೋ ಹುಡುಕಲಿಕ್ಕೆ. ಹುಡುಕುವಷ್ಟು ಹೊತ್ತೂ ಸಾಬರು ದಬ್ಬಳವನ್ನು ನೋಡುತ್ತಿದ್ದರು. ಎದುರಿನ ಕರಿಬಸವಯ್ಯನವರು ಜೋಕು ಮಾಡುವುದನ್ನು ಅಂದಿನಿಂದ ನಿಲ್ಲಿಸಿದರು. ಅದು ನನಗೆ ಇನ್ನೂ ಹೆಚ್ಚು ಭಯ ತಂದಿತು.

ಫೆಬ್ರವರಿಗೆ ಯುದ್ಧ ಮುಗಿಯಿತು. ಇರಾಕಿನವರು ಓಡಿದರು. ಖಮರಮ್ಮ ಶ್ಯಾವಿಗೆ ಪಾಯಸ ಮಾಡಿ ನಮ್ಮ ಮನೆಗೂ ಕಳಿಸಿದರು. ಸಾಬರು ಹೊಸ ಬಟ್ಟೆ ಕತ್ತರಿಸಿ ಮಗನಿಗೊಂದು ಹಾಸಿಗೆ ಹೊಲಿದು, ಮೂಲೆ ಬಿಟ್ಟು, ಗೋಡೆಗೆ ನಿಲ್ಲಿಸಿದರು.

ತಾರಿಖ್ ಮತ್ತೆ ಬಂದದ್ದು ಏಪ್ರಿಲ್‌ನಲ್ಲಿ, ಮಟಮಟ ಮಧ್ಯಾಹ್ನ. ಈ ಸಲ ಸಾಕ್ಸಿನಲ್ಲಿ ಏನೂ ಇರಲಿಲ್ಲ. ಕುವೈತಿನಲ್ಲಿ ಉಳಿದಿದ್ದ ಗೆಳೆಯನೊಬ್ಬ ಫೋನು ಮಾಡಿದ್ದನಂತೆ. ಶೂ ಬಿಚ್ಚದೆ ಬಾಗಿಲಲ್ಲೇ ನಿಂತ.

"ಯಜಮಾನ ಬಂದ ಚಾಚಾ. ಮುಜೀಬ್ ಬೀಗ ತೆಗೆದು ತೋರಿಸ್ದ. ಒಂದು ಮೊಳೆನೂ ಹೋಗಿರ್ಲಿಲ್ಲ."

"ಬೀಗದ ಕೈ ಕೊಟ್ಟನಾ?"

"ಕೊಟ್ಟ. ಯಜಮಾನ ಸುತ್ತ ನೋಡ್ದ. ಬೀದಿ ಪೂರ್ತಿ ಲೂಟಿ ಆಗೈತೆ, ನನ್ನದೊಂದು ಹೆಂಗ್ ಉಳೀತು ಅಂದ. ಇರಾಕಿನ ಸೈನಿಕ್ರು ನಿನ್ಗೆ ಏನಾಗ್ಬೇಕಿತ್ತು ಅಂದ. ನಿಮ್ಮ ದೇಶದೋರು ಅವ್ರ ಕೈಕುಲುಕಿದ್ದನ್ನ ನಾನು ಟೀವಿಲಿ ನೋಡಿದೀನಿ ಅಂದ. ಆಮೇಲೆ ಪೊಲೀಸ್ ಜೀಪು ಕರೆಸಿ ಹತ್ತಿಸ್ದ."

"ಎಲ್ಲಿಗೆ?"

"ಗೊತ್ತಿಲ್ಲ ಚಾಚಾ. ಹದಿನೆಂಟು ದಿನ ಆಯ್ತು."

ಖಮರಮ್ಮ ಪರದೆ ಸರಿಸಿ ಅಂಗಡಿಗೆ ಬಂದರು. ಗಿರಾಕಿಗಳು ಬರುವ ಜಾಗಕ್ಕೆ ಅವರು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಗಂಡನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿ, "ಈಗ ನಾನು ಹೇಳ್ತೀನಿ, ಬರಿ," ಎಂದರು.

ಬರೆದೆ. ಆ ಅರ್ಜಿ ದೆಹಲಿಗೆ ಹೋಯಿತು. ಅದರ ಹಿಂದೆ ಇನ್ನೂ ಹತ್ತು ಹೋದವು; ಒಂದೊಂದರ ನಕಲೂ ನನ್ನ ಹತ್ತಿರ ಇದೆ. ಬಂದ ಉತ್ತರ ಮೂರು. ಆ ದೇಶದೊಡನೆ ಬಾಂಧವ್ಯ ಈಗ ಸೂಕ್ಷ್ಮ ಹಂತದಲ್ಲಿದೆ, ವಿಚಾರಿಸಲಾಗುತ್ತಿದೆ, ಎಂದು ಮೂರರಲ್ಲೂ ಇತ್ತು.

ಮೊದಲಿನ ಕಾಗದದ ಮಾತನ್ನು ಖಮರಮ್ಮ ಒಂದು ದಿನವೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

1993ರಲ್ಲಿ ಎರಡನೇ ಮಗುವಿಗೆ ಹಾಸಿಗೆ ಬೇಕಾಯಿತು. ಹತ್ತಿ ಕೊಟ್ಟು ಬಂದೆ. ಎರಡು ದಿನ ಬಿಟ್ಟು ಹೋದಾಗ ಹಾಸಿಗೆ ಸಿದ್ಧವಾಗಿತ್ತು. ನಾಲ್ಕೂ ಮೂಲೆ ಹೊಲಿದು ಮುಚ್ಚಿದ್ದರು. ಎಲ್ಲ ಗಿರಾಕಿಗಳಿಗೂ ಈಗ ಹಾಗೇ ಕೊಡುತ್ತಾರೆಂದು ಎದುರಿನ ಕರಿಬಸವಯ್ಯನವರು ಮೊದಲೇ ಹೇಳಿದ್ದರು. ಆದರೂ ಅಭ್ಯಾಸಬಲದಿಂದ ನನ್ನ ಕೈ ನಾಲ್ಕನೇ ಮೂಲೆಯನ್ನು ತಡವಿತು.

"ತೋರಿಸ್ಬೇಕಾ?" ಎಂದರು ಸಾಬರು, ತಲೆಯೆತ್ತದೆ.

"ಬೇಡ ಸಾಬ್ರೇ."

ಗೋಡೆಯ ಕಡೆ ನೋಡಬಾರದೆಂದುಕೊಂಡೇ ಹೋಗಿದ್ದೆ. ನೋಡಿದೆ. ಮುಜೀಬನ ಹಾಸಿಗೆ ಅಲ್ಲೇ ನಿಂತಿತ್ತು. ಅದೊಂದರ ಮೂಲೆ ಮಾತ್ರ ಇನ್ನೂ ಬಿಟ್ಟೇ ಇತ್ತು.