ಸಲ್ಬಿಯಾ ಅಕ್ಕ ಕಾಯದೆ ಬಿಟ್ಟ ಕೈ

ಮಲೇಷ್ಯಾದ ತೈಪಿಂಗಿನ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಗುತ್ತಿಗೆ ಮೇಷ್ಟ್ರು. ಎರಡನೇ ತರಗತಿಗೆ ಲೆಕ್ಕ ಹೇಳಿಕೊಡುತ್ತೇನೆ. ನನಗೆ ಬರುವ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಕ್ಯಾಂಟೀನು ನಡೆಸುವವರು ಸಲ್ಬಿಯಾ ಅಕ್ಕ. ಐವತ್ತೆರಡು ವರ್ಷ, ಊದಿದ ಪಾದ, ನಿದ್ದೆಗೆಟ್ಟ ಕಣ್ಣು.

ಹೋದ ವರ್ಷ ಇರ್ದಿನಾ ಎಂಬ ಹುಡುಗಿ ಶಾಲೆಗೆ ಸೇರಿದಳು. ಕಡಲೆಬೀಜದ ಚೂರು ತಾಗಿದರೂ ಗಂಟಲು ಊದಿ ಉಸಿರು ಕಟ್ಟುವ ಮಗು. ಹಾಗಾದಾಗ ತಕ್ಷಣ ತೊಡೆಗೆ ಚುಚ್ಚಲೆಂದು ಅವಳ ತಾಯಿ ಕೊಟ್ಟ ಇಂಜೆಕ್ಷನ್ ಪೆನ್ನನ್ನು ಹೆಡ್ಮಾಸ್ಟರು ಬಹಳ ಜೋಪಾನವಾಗಿ ಬೀರುವಿನಲ್ಲಿಟ್ಟು, ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿ ಮೀಟಿಂಗಿಗೆ ಹೋದರು. ಸುದ್ದಿ ತಿಳಿದ ಅಕ್ಕ ಮಾರನೆಯ ದಿನವೇ ಪೆನ್ನು ಇಸಕೊಂಡು, ಬಟ್ಟೆಯ ಚೀಲ ಹೊಲಿದು ಕೊರಳಿಗೆ ಹಾಕಿಕೊಂಡರು. ಅಂದಿನಿಂದ ಕ್ಯಾಂಟೀನಿಗೆ ಕಡಲೆಬೀಜ ಬರಲಿಲ್ಲ. ಹೊಸ ಸಾಸ್ ಬಾಟಲಿ ಬಂದರೆ ಚೀಟಿಯ ಸಣ್ಣಕ್ಷರವನ್ನೆಲ್ಲ ಓದುತ್ತಾರೆ. ಓದುತ್ತ ನಿಂತಲ್ಲೇ ತೂಕಡಿಸಿದರೆ ಮತ್ತೆ ಮೊದಲಿಂದ.

"ಅಕ್ಕಾ, ಕಡಲೆಬೀಜ ಇಲ್ಲದ ತೆಂಗಿನಹಾಲಿನ ಅನ್ನ ಅಂದ್ರೆ ಮದುಮಗಳಿಲ್ಲದ ಮದುವೆ," ಎಂದು ನಾನು ಗೊಣಗುತ್ತಿದ್ದೆ.

"ನಿಮ್ಮ ಮದುವೆಗೂ ಮದುಮಗಳೇ ಸಿಕ್ಕಿಲ್ವಲ್ಲ ಮೇಷ್ಟ್ರೇ. ತಿನ್ನಿ, ಸುಮ್ನೆ."

ಒಂದು ಮಂಗಳವಾರ ಸಂತೆಯ ಗಾಡಿಯಲ್ಲಿ ಅಪಮ್ ಬಾಲಿಕ್ ಕೊಂಡೆ. ಕಡಲೆಬೀಜದ ಪುಡಿ, ಸಕ್ಕರೆ ತುಂಬಿ ಮಡಚಿದ ದಪ್ಪ ದೋಸೆ. ಬೈಕಿನ ಮೇಲೆ ಕೂತೇ ತಿಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ. ಎಷ್ಟಾದರೂ ಪದವೀಧರ! ತರಗತಿಯ ಬಾಗಿಲಲ್ಲಿ ಮಕ್ಕಳು ಎಂದಿನಂತೆ ಸಾಲಾಗಿ ಬಂದು, ಸಲಾಂ ಹೇಳಿ, ನನ್ನ ಬಲಗೈ ಹಿಡಿದು ತುಟಿಗೊತ್ತಿಕೊಂಡು ಒಳಗೆ ಹೋದರು. ಇರ್ದಿನಾ ನಾಲ್ಕನೆಯವಳು.

ಹತ್ತು ನಿಮಿಷವೂ ಆಗಿರಲಿಲ್ಲ.

"ಮೇಷ್ಟ್ರೇ, ತುಟಿ ಚುರುಚುರು ಅಂತಿದೆ."

ತುಟಿ ಊದಿತ್ತು. ಕೆಮ್ಮು ನಿಲ್ಲುತ್ತಿರಲಿಲ್ಲ. ನಾನು ಮಾಡಿದ ಘನಕಾರ್ಯವೆಂದರೆ "ನೀರು ಕುಡಿಯಮ್ಮ" ಎಂದದ್ದು. ಪಕ್ಕದ ಹುಡುಗಿ ನನ್ನ ಅಪ್ಪಣೆಗೆ ಕಾಯದೆ ಕ್ಯಾಂಟೀನಿಗೆ ಓಡಿದಳು.

ಆ ಪಾದಗಳನ್ನಿಟ್ಟುಕೊಂಡು ಅಕ್ಕ ಹೇಗೆ ಓಡಿ ಬಂದರೋ. "ನಡೆಸ್ಬೇಡಿ ಅವಳನ್ನ! ಕಾಲು ಚಾಚಿ ಕೂರ್ಸಿ!" ಬಟ್ಟೆಯ ಮೇಲಿಂದಲೇ ತೊಡೆಗೆ ಪೆನ್ನು ಒತ್ತಿ ಹಿಡಿದರು. "ಆಂಬುಲೆನ್ಸಿಗೆ ಫೋನ್ ಮಾಡಿ ಮೇಷ್ಟ್ರೇ, ಅಳೋದು ಆಮೇಲೆ."

ಆಂಬುಲೆನ್ಸು ಬರುವಷ್ಟರಲ್ಲಿ ಮಗುವಿನ ಉಸಿರು ಹಗುರಾಗಿತ್ತು. ಹೆಡ್ಮಾಸ್ಟರು ಮಾತ್ರ, "ಕ್ಯಾಂಟೀನಲ್ಲಿ ಏನೋ ಎಡವಟ್ಟಾಗಿದೆ," ಎಂದು ಹೇಳಿ ಹೋದರು. ನಾನು ಕ್ಯಾಂಟೀನಿಗೆ ಹೋದಾಗ ಅಕ್ಕ ಎಲ್ಲ ಬಾಟಲಿಗಳನ್ನೂ ನೆಲಕ್ಕಿಳಿಸಿ, ಒಂದೊಂದೇ ಚೀಟಿ ಓದುತ್ತಿದ್ದರು.

"ಬೆಳಗ್ಗೆ ಅವಳು ಇಲ್ಲಿ ಏನೂ ತಿಂದಿಲ್ಲ. ಎಲ್ಲಿಂದ ಬಂತು?"

ಆಗ ನನ್ನ ಕೈ ಮೂಸಿ ನೋಡಿದೆ: ಕಡಲೆಬೀಜದ ವಾಸನೆ. ಹೇಳದೆ ವಿಧಿಯಿರಲಿಲ್ಲ.

ಬೈಯುವಷ್ಟು ತ್ರಾಣ ಅವರಲ್ಲಿ ಉಳಿದಿರಲಿಲ್ಲ. "ಬಾಟ್ಲಿ ಕಾದೆ, ಡಬ್ಬಿ ಕಾದೆ. ಮೇಷ್ಟ್ರ ಕೈ ಕಾಯ್ಬೇಕು ಅಂತ ಹೊಳೀಲೇ ಇಲ್ಲ ನೋಡಿ. ಹೋಗಿ, ಅವಳಮ್ಮಂಗೆ ನೀವೇ ಹೇಳಿ."

ಆಸ್ಪತ್ರೆಯಲ್ಲಿ ಹೇಳಿದೆ. ತಾಯಿ ಮಗಳ ಹೊದಿಕೆ ಸರಿಪಡಿಸಿದರು. "ಇನ್ಮೇಲೆ ಮನೇಲೇ ಇಟ್ಕೋತೀನಿ. ಸಲ್ಬಿಯಾ ಅಕ್ಕ ಒಬ್ರೇ ಎಷ್ಟು ಅಂತ ಓಡ್ತಾರೆ?"

"ಪೆನ್ನು ಒತ್ತೋದನ್ನ ಇನ್ನೊಬ್ಬ ಕಲಿತರೆ?" ಎಂದೆ. ಧೈರ್ಯದಿಂದಲ್ಲ, ಬೇರೇನೂ ತೋಚದೆ.

ಶಾಲೆಯಲ್ಲಿ ಈಗ ಸಲಾಂ ಎಂದರೆ ಎದೆಯ ಮೇಲೆ ಕೈ, ಅಷ್ಟೇ. ತಾಯಿ ಹೊಸ ಪೆನ್ನಿನ ಜೊತೆಗೆ ಔಷಧಿಯಿಲ್ಲದ ಅಭ್ಯಾಸದ ಪೆನ್ನೊಂದನ್ನೂ ಕಳಿಸಿದರು. ಮೊದಲ ಸಲ ನಾನು ಅದನ್ನು ತಲೆಕೆಳಗಾಗಿ ಒತ್ತಿದೆ.

"ಔಷಧಿ ನಿಮ್ಮ ಹೆಬ್ಬೆರಳಿಗೆ ಹೋಯ್ತು. ಮಗು ಹಾಗೇ ಉಳೀತು," ಎಂದರು ಅಕ್ಕ. "ಮತ್ತೆ."

ಇಪ್ಪತ್ತನೆಯ ಸಲವೋ ಏನೋ ತಲೆಯಾಡಿಸಿದರು. ಸೋಮವಾರ ಇರ್ದಿನಾ ಬಂದಳು. ಊಟದ ಬಿಡುವಿನಲ್ಲಿ ಅವಳು ಗೆಳತಿಯರ ನಡುವೆ ಕೂತು ನೂಡಲ್ಸ್ ತಿನ್ನುತ್ತಿದ್ದಾಗ ಅಕ್ಕ ಕೊರಳಿನ ಚೀಲ ತೆಗೆದು ನನ್ನ ಮುಂದಿಟ್ಟರು.

"ಎಚ್ಚರವಾಗಿರ್ತೀರಲ್ಲ? ಐದು ನಿಮಿಷ," ಎಂದವರು ಮೇಜಿನ ಮೇಲೆ ತಲೆಯಿಟ್ಟು ಆಗಲೇ ನಿದ್ದೆಹೋಗಿದ್ದರು.