ಕಡಲ ಬಂಡೆ ತಟ್ಟಿದ್ದು

ದುಡ್ಡು ಕೊಟ್ಟು ನೀರಿನಡಿ ಹೋಗುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಪುರಾಣಗಳಲ್ಲಿ ನೀರಿಗಿಳಿದವರಿಗೆಲ್ಲ ಏನಾದರೊಂದು ಕೆಲಸವಿತ್ತು: ವೇದ ತರಬೇಕು, ಭೂಮಿ ಎತ್ತಬೇಕು, ಇಲ್ಲವೇ ಗದೆ ಹಿಡಿದು ಹುಡುಕುತ್ತಿರುವವನ ಕೈಗೆ ಸಿಗದಂತೆ ಅಡಗಬೇಕು. ಬರೀ ಮೀನು ನೋಡಲೆಂದು ಯಾರೂ ಇಳಿದದ್ದಿಲ್ಲ. ಮೀನು ನೋಡಲು ಬಂಗಾರಪೇಟೆ ಸಂತೆ ಸಾಲದೇ?

ಇಷ್ಟು ಬೈಯುವ ನಾನೂ ಒಮ್ಮೆ ಇಳಿದವನೇ, ತೊಂಬತ್ತರ ದಶಕದಲ್ಲಿ. ಅದಕ್ಕೆ ಕಾರಣ ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಬೆಂಗಳೂರಿನ ಈಜುಕೊಳದಲ್ಲಿ ನಾಲ್ಕು ದಿನ ಕೈಕಾಲು ಬಡಿದು ತಾನೇ ವರುಣನೆಂದುಕೊಂಡಿದ್ದ ಆಸಾಮಿ. ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸಿನ ನಮ್ಮ ಮನೆಗೆ ಬಂದು, ಎರಡೂ ಸಂಸಾರ ಲಕ್ಷದ್ವೀಪಕ್ಕೆ ಹೋಗೋಣ, ಸ್ಕೂಬಾ ಡೈವಿಂಗ್ ಮಾಡೋಣ ಎಂದ. "ನೀವು ದಡದಲ್ಲೇ ಕೂತ್ಕೊಳ್ಳಿ ಅಣ್ಣ, ನಿಮ್ಮ ಕೈಲಾಗಲ್ಲ" ಎಂದೂ ಸೇರಿಸಿದ. ಅದೂ ನಮ್ಮಪ್ಪನ ಎದುರಿಗೆ! ಮೂವತ್ತು ವರ್ಷ ಗಣಿಯಲ್ಲಿ ಮೈಲಿಗಟ್ಟಲೆ ಇಳಿದು ಹತ್ತಿದವನ ಮಗನಿಗೆ! "ತಿಂಡಿಗೆ ಮುಂಚೆ ಅಪ್ಪ ಇಳೀತಿದ್ದ ಆಳದಲ್ಲಿ ಕಾಲುಭಾಗಾನೂ ಇಲ್ಲ ಕಣಯ್ಯ ಅದು" ಎಂದುಬಿಟ್ಟೆ. ಬಾಯಿಬಿಟ್ಟರೆ ಬಣ್ಣಗೇಡು. ಅಪ್ಪನ ಮರ್ಯಾದೆ ಉಳಿಸುವ ಭಾರ ನನ್ನ ತಲೆಗೇ ಬಂತು.

ಅಪ್ಪ ಹೇಳಿದ್ದು ಒಂದೇ ಮಾತು: "ಬಂಡೆ ಅಂದ್ಮ್ಯಾಕೆ ತಟ್ಟಿ ನೋಡ್ದೆ ಅತ್ರ ಓಗ್ಬೇಡ ಕಣ್ಲಾ." ಗಣಿಯವರ ಕ್ರಮ ಅದು. ಹಾರೆಯಿಂದ ತಟ್ಟಿದಾಗ ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಸಡಿಲ, ಹಿಂದೆ ಸರಿಯಬೇಕು. ನಿವೃತ್ತನಾದ ಮೇಲೂ ಅಪ್ಪ ಹೋಟೆಲಿನ ಗೋಡೆಗೊಮ್ಮೆ ಗುದ್ದದೆ ಕಾಫಿಗೆ ಕೂರುತ್ತಿರಲಿಲ್ಲ.

ದ್ವೀಪದಲ್ಲಿ ಬೆನ್ನಿಗೆ ಸಿಲಿಂಡರು ಕಟ್ಟಿ, ಬಾಯಿಗೆ ರಬ್ಬರು ತುರುಕಿ, ಕಾಲಿಗೆ ಬಾತುಕೋಳಿಯ ಪಾದ ತೊಡಿಸಿದರು. "ಇಬ್ಬಿಬ್ಬರು ಜೊತೆ. ಒಬ್ಬರನ್ನೊಬ್ಬರು ಬಿಡಬೇಡಿ, ಏನನ್ನೂ ಮುಟ್ಟಬೇಡಿ" ಎಂದ ಕಲಿಸುವವನು. ಸಮುದ್ರಕ್ಕೂ ಮಡಿಯೇ! ನನಗೆ ಷಡ್ಡಕನೇ ಜೊತೆಗಾರನಾದ. ಕೆಳಗೆ ಹಳದಿ ಮೀನು, ನೀಲಿ ಮೀನು, ಹುಲ್ಲು ಮೇಯುತ್ತಿದ್ದ ಒಂದು ಆಮೆ. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ನನ್ನೆದುರು ಹವಳದ ಬಂಡೆ ಬಂತು. ಕೈ ತಾನಾಗಿಯೇ ಹೋಯಿತು, ತಟ್ಟಿದೆ. ಠಣ್ಣೂ ಇಲ್ಲ, ಡಬ್ಬೂ ಇಲ್ಲ; ಸಂದಿಯಿಂದ ತೋಳಿನ ಗಾತ್ರದ ಹಾವುಮೀನು ಬಾಯಿ ತೆರೆದುಕೊಂಡು ಹೊರಗೆ ಬಂತು. ಆಮೆ ಪರಾರಿ, ಮೀನುಗಳೂ ಪರಾರಿ. ನಾನು ಷಡ್ಡಕನ ಹೊಟ್ಟೆಗೊಂದು ಒದ್ದು, ಎಲ್ಲರಿಗಿಂತ ಮೊದಲು ಮೇಲೆ ಬಂದು ದೋಣಿ ಹಿಡಿದೆ.

ಷಡ್ಡಕ ಬಿಟ್ಟಾನೆಯೇ? ಊರಿಗೆ ಬಂದವನೇ ನಮ್ಮ ಜಗಲಿಯಲ್ಲಿ ಕೂತು, ಹಾವುಮೀನಿನಂತೆ ಬಾಯಿ ಕಳೆದು, ನನ್ನಂತೆ ಕಾಲು ಝಾಡಿಸಿ ಅಭಿನಯಿಸಿ ತೋರಿಸಿದ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಹೆದರುಪುಕ್ಕಲನೆಂದು ಅಪ್ಪ ಈಗ ಉಗಿಯುತ್ತಾನೆಂದು ನಾನು ತಲೆ ತಗ್ಗಿಸಿ ಕೂತಿದ್ದೆ.

ಅಪ್ಪ ನಗಲಿಲ್ಲ. ಹಾವುಮೀನಿನ ಸುದ್ದಿಯನ್ನೂ ಎತ್ತಲಿಲ್ಲ. ನನ್ನನ್ನೇ ನೋಡಿ ಮೆಲ್ಲಗೆ ಕೇಳಿದ: "ಈಯಪ್ಪನ್ನ ಕೆಳ್ಗೇ ಬುಟ್ಟು ನೀನೊಬ್ನೇ ಮ್ಯಾಕ್ ಬಂದ್ಬುಟ್ಯೇನ್ಲಾ?"

ಷಡ್ಡಕನ ಕಾಲು ಗಾಳಿಯಲ್ಲೇ ನಿಂತಿತು. ಹೂಂ ಎನ್ನದೆ ನನಗೆ ಬೇರೆ ದಾರಿಯಿರಲಿಲ್ಲ.